ಒಂದಕ್ಷರದ ರಿಯಾಯಿತಿ

ತಳಿ ರಸ್ತೆಯ ಕಲ್ಲಿನ ಯಾರ್ಡಿನಲ್ಲಿ
ಮಾದಯ್ಯನ್ ಬಿಳಿ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಉಜ್ಜಿದ.
ಮೊದಲ ಹಲಗೆ ಬಣ್ಣ ಬಿಟ್ಟಿತು,
ಮದುವೆಮನೆಯ ಸೆಕೆಗೆ
ಬೀಗರ ತಲೆಯ ಕಪ್ಪು ಕಿವಿಗಿಳಿದ ಹಾಗೆ.
"ಕರಿಕಲ್ಲೆಲ್ಲ ಕರಿಯಲ್ಲ ಟೀಚರ್" ಅಂದ,
ಅರ್ಧ ತಮಿಳು, ಅರ್ಧ ನಮ್ಮದು.

ಎರಡನೆಯದರ ಮೇಲೆ ನೀರು ಬಿಟ್ಟು
ಒಂದು ಬೀಡಿ ಮುಗಿಯುವ ತನಕ ಕಾದ.
ಕಲ್ಲು ಹನಿಯನ್ನು ಕುಡಿದುಬಿಟ್ಟಿತ್ತು.
ನಾಳೆ ಎಣ್ಣೆ ಕುಡಿಯುತ್ತೆ, ನಾಡಿದ್ದು ಹುಣಸೆಹಣ್ಣಿನ ರಸ, ಬೇಡ.
ಮೂರನೆಯದನ್ನು ಗೆಣ್ಣಿನಿಂದ ತಟ್ಟಿ
ಕಿವಿಗೊಡಿ ಅಂದ.
ನಮ್ಮಮ್ಮ ಸಂತೆಯಲ್ಲಿ ಮಡಕೆ ತಟ್ಟುತ್ತಿದ್ದಳು ಹೀಗೇ,
ಕುಂಬಾರನ ಮುಖ ನೋಡದೆ.
ಸದ್ದು ಒಡಕು. ಒಳಗೆಲ್ಲೋ ಕೂದಲೆಳೆಯ ಬಿರುಕು.

ಕೊನೆಗೆ ಗೋಡೆಗೊರಗಿದ್ದ ಒಂದು.
ಬಗ್ಗಿದರೆ ನನ್ನ ಮುಖ,
ನನ್ನ ಹಿಂದೆ ಕ್ರೇನಿನ ಕೊಕ್ಕೆ, ಅದರ ಹಿಂದೆ
ಹನ್ನೆರಡು ಗಂಟೆಯ ಬಿಸಿಲು ಪೂರ್ತಿ.
ಆರಡಿ ಉದ್ದ, ಎರಡೂಕಾಲಡಿ ಅಗಲ, ಬೆಲೆ ಅರ್ಧ.
ಯಾಕೆ?

ಇಬ್ಬರು ಹುಡುಗರು ತಿರುಗಿಸಿದರು.
ಆ ಮೈಯಲ್ಲಿ ಕೊರೆದ ಅಕ್ಷರಗಳು,
ನನಗೆ ಬಾರದ ಲಿಪಿ.
ಕಡಲಾಚೆಯ ಯಾವುದೋ ಗೋರಿಗೆ ಹೊರಟ ಕಲ್ಲು.
ಹೆಸರಿನಲ್ಲಿ ಒಂದಕ್ಷರ ತಪ್ಪಿತಂತೆ.
ಕೊರೆದವನಿಗೂ ಆ ಭಾಷೆ ಬಾರದು,
ಗೆರೆ ನೋಡಿ ಗೆರೆ ಎಳೆದಿದ್ದ.
ಹಡಗು ಹತ್ತಲಿಲ್ಲ.
"ಸತ್ತೋರಿಗೆ ಆಗಲ್ಲ ಟೀಚರ್.
ಬದುಕಿರೋರು ಅಡ್ಜಸ್ಟ್ ಮಾಡ್ಕೊಂತಾರೆ."

ಇಪ್ಪತ್ತಾರು ವರ್ಷ
ತಪ್ಪಕ್ಷರಕ್ಕೆ ಕೆಂಪು ಸುತ್ತು ಹಾಕಿದ ಕೈ ನನ್ನದು.
ನಾಲ್ಕನೇ ತರಗತಿಯಲ್ಲಿ ಈ ವರ್ಷ ಏಳೇ ಮಕ್ಕಳು,
ಐವರಿಗೆ ಬಕಾರವೂ ಭಕಾರವೂ ಒಂದೇ.
'ಬಾರತ ನಮ್ಮ ದೇಶ.'
ಬೇಡ ಅನ್ನಬೇಕಿತ್ತು.
ಅಡ್ವಾನ್ಸ್ ಕೊಟ್ಟೆ.

ಗೋರಿಯ ಅಳತೆಯೂ ಅಡುಗೆಕಟ್ಟೆಯ ಅಳತೆಯೂ
ಹೆಚ್ಚುಕಮ್ಮಿ ಒಂದೇ ಎಂದು
ಮೇಸ್ತ್ರಿ ಎಲ್ಲಿಯೂ ಕತ್ತರಿಸದೆ ಕೂರಿಸಿದಾಗ ತಿಳಿಯಿತು.
ಅಕ್ಷರದ ಮೈ ಕೆಳಕ್ಕೆ. ಅಂಚು ಮಾತ್ರ ದುಂಡಗೆ ತೀಡಿದ.
ಅತ್ತೆಗೆ ಹೇಳಿಲ್ಲ.
ಅವರ ತಕರಾರು ಬೇರೆ:
"ಕರಿಕಲ್ಲ ಮೇಲೆ ಇರುವೆ ಕಾಣಲ್ಲ ಕಣೆ ಸುಗುಣಾ,
ನನ್ನ ಕಣ್ಣಿಗಂತೂ ಮೊದಲೇ ಇಲ್ಲ."

ಇರುವೆಯೊಂದು ಬಿಟ್ಟು ಎಲ್ಲವೂ ಕಾಣುತ್ತೆ.
ಒಂದು ಚಿಟಿಕೆ ಉಪ್ಪು. ಹಾಲಿನ ಲೋಟದ ಉಂಗುರ.
ಬೋರ್‌ವೆಲ್ ನೀರು ತಾನಾಗಿ ಆರಿದರೆ
ಬೆಳಗ್ಗೆಗೆ ಬಿಳಿ ನಕಾಶೆ,
ಒದ್ದೆ ಬಟ್ಟೆಯ ಹಿಂದೆಯೇ ಒಣ ಬಟ್ಟೆ ಓಡಬೇಕು.
ನಿಂಬೆಹೋಳು ಮಲಗಿಸುವಂತಿಲ್ಲ.
ಬಾತ್ರೂಮಿನ ಆಸಿಡ್ಡು, ಉಕ್ಕಿನ ನಾರು ಹತ್ತಿರ ತರುವಂತಿಲ್ಲ.
ಕುಕ್ಕರಿಗೆ ಒಂದು ಮಣೆ.
ವರ್ಷಕ್ಕೊಮ್ಮೆ ನಾಲ್ಕು ಹನಿ ನೀರು ಬಿಟ್ಟು
ಕುಡಿಯುತ್ತಾ ನೋಡಬೇಕು.
ಇನ್ನೂ ಕುಡಿದಿಲ್ಲ.

ಒರೆಸುವಾಗ ನೀರು ಅಂಚು ದಾಟಿ ಕೆಳಮೈಗಿಳಿಯುತ್ತೆ.
ಕೈ ಅಡಿಗೆ ಹೋಗುತ್ತೆ.
ಆಗ ಬೆರಳಿಗೆ ಸಿಗುತ್ತಾರೆ ಅವರು:
ಒಂದು ಕೊಂಬು, ಒಂದು ಗುಂಡಿ, ಒಂದು ಉದ್ದ ಗೀಟು.
ಗಂಡಸೋ ಹೆಂಗಸೋ.
ಎಷ್ಟು ಸಲ ತಡವಿದರೂ
ಯಾವ ಅಕ್ಷರ ತಪ್ಪು ಅಂತ ನನಗೆ ಸಿಕ್ಕಿಲ್ಲ.
ಎಲ್ಲವೂ ಸರಿಯಾಗಿಯೇ ಇವೆ ಅನ್ನಿಸುತ್ತೆ.

ನಿನ್ನೆ ಸಂಜೆ ರಾಗಿಹಿಟ್ಟು ಚೆಲ್ಲಿತು.
ಕಪ್ಪಿನ ಮೇಲೆ ತೆಳ್ಳಗೆ, ಸ್ಲೇಟಿನ ಹಾಗೆ.
ಎಡಗೈ ಅಡಿಯಲ್ಲಿ ಓದುತ್ತಾ ಹೋಯಿತು,
ಬಲಗೈ ಮೇಲೆ ಬರೆಯುತ್ತಾ ಬಂತು,
ಕೊಂಬು, ಗುಂಡಿ, ಗೀಟು.
ಓದಲು ಬಾರದಿದ್ದರೂ ಹೆಸರು ಪೂರ್ತಿಯಾಯಿತು.
ಬಾಗಿಲಲ್ಲಿ ಅತ್ತೆ, ಕಣ್ಣು ಕಿರಿದು ಮಾಡಿ:
"ಏನೇ ಅದು, ಅಲ್ಲಿ?"

ಒಣ ಬಟ್ಟೆ ಕೈಯಲ್ಲೇ ಇತ್ತು.
"ಇರುವೆ" ಅಂದೆ.