ಖರ್ಚಿನ ಬಾಬ್ತು

ಪ್ರತಿಷ್ಠಾನದ ಪತ್ರ ಬಂದಾಗ
ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ
ಬೇಯಿಸಿದ ಕಡ್ಲೆಕಾಯಿ ಸುಲಿಯುತ್ತಿದ್ದೆ.
ಹದಿನೆಂಟು ತಿಂಗಳು, ಮೂರು ಕಂತು.
ವಿಷಯ: ಪರದೇಶದ ನೆಲದಡಿಯ ಸ್ಫೋಟ,
ಒಪ್ಪಂದ, ನಂಬಿಕೆ.

ಇಲ್ಲಿ ರಾಗಿ ಹೊಲದ ನಡುವೆ, ಬೇಲಿಯೊಳಗೆ,
ಗುಂಡಿಯಲ್ಲಿ ಕೂತ ಯಂತ್ರಗಳು
ನೆಲಕ್ಕೆ ಕಿವಿಗೊಟ್ಟು ಎಷ್ಟೋ ವರ್ಷ.
ಯಾವುದೋ ಮರುಭೂಮಿ ಗುಟ್ಟಾಗಿ ಗುಡುಗಿದರೆ
ಇಲ್ಲಿ ಒಂದು ಗೆರೆ ಬೆಚ್ಚುತ್ತದೆ.

ಕಾವಲಿನ ಬಚ್ಚಪ್ಪ ಆ ಗೆರೆಗಳ ಹಳೇ ಪರಿಚಯಸ್ಥ:
"ಇದು ಬಾಂಬಲ್ಲ ಮೇಡಂ, ಕ್ವಾರಿ.
ಇದು ಬೋರ್ ಲಾರಿ, ಸಾವಿರದಡಿ ದಾಟೈತೆ.
ಇದು ಅಲುವೇಲಮ್ಮನ ಎಮ್ಮೆ,
ಬೇಲಿ ಕಲ್ಲಿಗೆ ಮೈ ಉಜ್ತಾ ಐತೆ."
ನಾನು ಬರೆದುಕೊಂಡೆ: ಹಿನ್ನೆಲೆ ಗದ್ದಲ.
ಹಾಗಂತಲೇ ಕರೆಯುತ್ತೇವೆ
ಸೋಸಿ ಎಸೆಯಬೇಕಾದದ್ದನ್ನು.

ಅಲುವೇಲಮ್ಮನ ಜಗಲಿಯಲ್ಲಿ ಮುದ್ದೆ, ಬಸ್ಸಾರು.
ಸೂರಿನಿಂದ ಹೊಸ್ತಿಲವರೆಗೆ ಗೋಡೆ ಸೀಳಿದೆ.
ದಿನಾ ಮಧ್ಯಾಹ್ನ ಮೂರಕ್ಕೆ ಕ್ವಾರಿ;
ತಟ್ಟೆಯಲ್ಲಿ ಸಾರು ನಡುಗಿತು.
"ಅಷ್ಟು ದೂರದ್ದು ಕೇಳ್ತದಂತೆ,
ಇದು ಕೇಳಲ್ವಾ ನಿಮ್ಮ ಮಿಷನ್‌ಗೆ?"

ಕೇಳುತ್ತದಮ್ಮ. ಎಲ್ಲಕ್ಕಿಂತ ಚೆನ್ನಾಗಿ.

ಈಗ ರಾತ್ರಿ. ಲಾಡ್ಜಿನ ಫ್ಯಾನು ಕಿರುಗುಟ್ಟುತ್ತಿದೆ.
ಮೊದಲ ಕಂತಿನ ಲೆಕ್ಕ ಒಪ್ಪಿಸಬೇಕು:
ಪ್ರಯಾಣ, ವಸತಿ, ಮುದ್ರಣ.
ಊಟಕ್ಕೆ ರಸೀದಿ ಕಡ್ಡಾಯ.
ಆಕೆ ದುಡ್ಡು ಮುಟ್ಟಲಿಲ್ಲ, ಯಾವ ಬಾಬ್ತಿಗೆ ಹಾಕಲಿ?

ಅರ್ಜಿಯ ನಕಲು ತೆಗೆದೆ. 'ಫಲಾನುಭವಿಗಳು'
ಎಂಬ ಚೌಕದಲ್ಲಿ
'ವಿಶ್ವ ಸಮುದಾಯ' ಅಂತ
ನಾನೇ ತುಂಬಿದ್ದೆ, ದುಂಡಗೆ.
ಅದರ ಮುಂದೊಂದು ಅಲ್ಪವಿರಾಮ ಹಾಕಿ
ಕೂತಿದ್ದೇನೆ,