ಜಾಗ ಸರಿ, ರೂಪ ತಪ್ಪು

ಮೊದಲನೇ ಹಂತದಲ್ಲಿ ಎಲ್ಲ ಸಲೀಸು.
ಬ್ರೆಡ್ಡು ಕೇಳಿದೆ, ರೈಲಿನ ಹೊತ್ತು ಕೇಳಿದೆ,
ಹೆಸರು ಹುಲಿಗೆಮ್ಮ, ಊರು ಬಳ್ಳಾರಿ,
ಜೀನ್ಸ್ ಪ್ಯಾಂಟಿಗೆ ಜಿಪ್ಪು ಕೂಡಿಸುತ್ತೇನೆ ಅಂದೆ.
ಚಪ್ಪಾಳೆ ತಟ್ಟಿದರು.

ಎರಡನೇ ಹಂತ ಬೇರೆ.
ಇಲ್ಲಿ ಬ್ರೆಡ್ಡಿನ ಸುದ್ದಿ ಯಾರಿಗೂ ಬೇಡ,
ಯಾಕೆ ಅಂತ ಕೇಳುತ್ತಾರೆ.

ಶನಿವಾರ, ಭಾನುವಾರ ಸಂಜೆ
ಕೌಲ್ ಬಜಾರಿನಿಂದ ಎರಡು ಆಟೊ ಬದಲಿಸಿ
ವಿಶ್ವವಿದ್ಯಾಲಯದ ಮೂರನೇ ಮಹಡಿ.
ಐದೂವರೆಗೂ ಬಾಗಿಲ ಚಿಲಕ ಸುಡುತ್ತಿರುತ್ತದೆ.
ಉಗುರು ಸಂದಿಯ ನೀಲಿ
ನೋಟ್‌ಬುಕ್ಕಿನ ಅಂಚಿಗೂ ಹತ್ತಿದೆ.

ಎರ್ರಿಸ್ವಾಮಿ, ಇಂಜಿನಿಯರಿಂಗ್ ಹುಡುಗ,
ಬೆವರೊರೆಸಿಕೊಂಡು 'ಇಶ್ ಬಿನ್ ಹೈಸ್' ಅಂದ.
ವಾರುಣಿ ಮೇಡಂ ಹಲಗೆಯ ಕಡೆ ತಿರುಗಿ ನಕ್ಕರು,
ಯಾಕೆಂದು ಹೇಳಲಿಲ್ಲ.
'ಮೀರ್' ಅನ್ನಿ. 'ಮೀರ್ ಇಸ್ಟ್ ಹೈಸ್.'
ಅವನು ಇಂಗ್ಲಿಷಿನ ಬೀದಿ ಸುತ್ತಿ ಬಂದಿದ್ದ.
ನನ್ನ ಓಣಿ ನೇರ ಅಲ್ಲಿಗೇ ಹೋಗುತ್ತಿತ್ತು:
ನನಗೆ ಸೆಕೆ.
ನಾನೇ ಸೆಕೆಯಲ್ಲ. ಅದು ಬರುತ್ತದೆ, ನನಗೆ ಆಗುತ್ತದೆ, ಹೋಗುತ್ತದೆ,
ಬಳ್ಳಾರಿಯಲ್ಲಿ ಹೋಗುವುದು ಕಡಿಮೆ.

ಹುಡುಗಿ ನಪುಂಸಕ ಲಿಂಗ ಅಂದಾಗ
ಕ್ಲಾಸು ಗೊಳ್ಳೆಂದಿತು. ನಾನು ನಗಲಿಲ್ಲ.
ನಮ್ಮ ಪಕ್ಕದ ಮನೆಯ ತೆಲುಗಿನಲ್ಲಿ
ಪಿಲ್ಲ ವಚ್ಚಿಂದಿ, ದೂಡ ವಚ್ಚಿಂದಿ,
ಹುಡುಗಿಗೂ ಕರುವಿಗೂ ಒಂದೇ ಬರುವಿಕೆ.
ನಾನು ಶಿಫ್ಟ್ ಮುಗಿಸಿ ಚಪ್ಪಲಿ ಬಿಡುವಾಗ
ಒಲೆ ಮುಂದಿನಿಂದ 'ಬಂತಾ ಅದು?'
ಅಂತ ಕೇಳುತ್ತದೆ ನಮ್ಮಮ್ಮ,
ಪ್ರೀತಿಯಿಂದಲೇ.

ಜಿಪ್ಪಿಗೆ ಅವರ ಮಾತು ರೈಸ್‌ಫೆರ್‌ಶ್ಲುಸ್.
ಹರಿಯುವುದನ್ನೂ ಮುಚ್ಚುವುದನ್ನೂ
ದಾರ ಕಾಣದ ಹಾಗೆ ಕೂಡಿಸಿದ್ದಾರೆ.
ದಿನಕ್ಕೆ ಮುನ್ನೂರ ಇಪ್ಪತ್ತು ಹಾಕುವವಳು ನಾನು,
ಒಳ್ಳೆಯ ಹೊಲಿಗೆ ಮುಟ್ಟಿದರೆ ತಿಳಿಯುತ್ತದೆ.

'ವೈಲ್' ಬಂದರೆ ಕ್ರಿಯಾಪದ ಕೊನೆಗೆ.
ಉಳಿದವರಿಗೆ ಇದು ಎರಡು ವಾರದ ಪಾಠ.
ಹುಟ್ಟಿದಾಗಿನಿಂದ ಕೊನೆಗೇ ಇಟ್ಟುಕೊಂಡವರು ನಾವು.
ಆದರೆ ನಮ್ಮಲ್ಲಿ ಅಲ್ಲಿಯ ತನಕ ಯಾರು ಕಾಯುತ್ತಾರೆ?
'ಈ ಹೊಸ ದಾರ...' ಅಂತೇನೆ,
'ಕಿತ್ತು ಹೋಗ್ತೈತೆ, ಗೊತ್ತು' ಅಂತಾರೆ
ಯೂನಿಟ್ಟಿನ ಗಾದಿಲಿಂಗಪ್ಪ.
ಚೆನ್ನಾಗಿದೆ ಅನ್ನುವವಳಿದ್ದೆ.
'ಈ ವರ್ಷ ನಾನು...' ಅಂತೇನೆ,
'ಚೀಟಿ ಎತ್ತುತೀಯ, ಎತ್ತು' ಅಂತಾಳೆ ಅಕ್ಕ.
ಚೀಟಿಯ ನೆನಪೇ ನನಗಿರಲಿಲ್ಲ.
ನನ್ನ ಎಷ್ಟೋ ಕ್ರಿಯಾಪದಗಳು
ಬೇರೆಯವರ ಬಾಯಲ್ಲೇ ತೀರಿಹೋಗಿವೆ.

ಮೌಖಿಕ ಪರೀಕ್ಷೆಯ ದಿನ, ಪುಣೆಯಿಂದ ಬಂದ ಪರೀಕ್ಷಕರು:
'ವಾರುಮ್ ಲೆರ್ನೆನ್ ಝೀ ಡಾಯ್ಚ್?'
ಯಾಕೆ ಕಲಿಯುತ್ತೀರಿ.
ಅಷ್ಟರಲ್ಲಿ ಕರೆಂಟು ಹೋಯಿತು.
ಫ್ಯಾನು ಮನಸ್ಸಿಲ್ಲದೆ ನಿಂತಿತು.
'ವೈಲ್ ಇಶ್...' ಅಂದೆ.
ಅಲ್ಲೇ ನಿಂತೆ.

ಯಾರೂ ತುಂಬಲಿಲ್ಲ.
ಪರೀಕ್ಷಕರು ಪೆನ್ನಿಗೆ ಮುಚ್ಚಳ ಹಾಕಿ ಕೂತರು.
ವಾರುಣಿ ಮೇಡಂ ತುಟಿ ಕಚ್ಚಿಕೊಂಡರು, ಹೇಳಿಕೊಡಲಿಲ್ಲ.
ಒಂದು ನಿಮಿಷದೊಳಗೆ ಇಷ್ಟು ಜಾಗ ಇರುತ್ತದೆ
ಅಂತ ನನಗೆ ಗೊತ್ತಿರಲಿಲ್ಲ.

ಒಂದು ಪದವಿದೆ, ಔಸ್‌ರೇಡನ್.
ಆಡಹೊರಟ ಮಾತನ್ನು ಪೂರ್ತಿ ಆಡಿಬಿಡುವುದು.
ದೊಡ್ಡಕ್ಷರದಿಂದ ಬರೆದರೆ ಅದೇ 'ನೆಪಗಳು'.
ಬಾಯಲ್ಲಿ ಹೇಳುವಾಗ ಅಕ್ಷರ ಯಾರಿಗೆ ಕಾಣುತ್ತದೆ?

'ವೈಲ್ ಇಶ್ ಔಸ್‌ರೇಡನ್ ವೊಲ್ಲೆನ್.'

'ವಿಲ್' ಅನ್ನಬೇಕಿತ್ತು.
ಜಾಗ ಸರಿ, ರೂಪ ತಪ್ಪು, ಅರ್ಧ ಅಂಕ,
ಅಂದರು ಮೇಡಂ ಆಮೇಲೆ, ಮೆಟ್ಟಿಲ ಹತ್ತಿರ.

ಮನೆ ಮುಟ್ಟಿದಾಗ ಕತ್ತಲು.
'ಬಂತಾ ಅದು?'
ಅರ್ಧ ಬಂತು, ಅಂದೆ, ಚಪ್ಪಲಿ ಬಿಡುತ್ತ.