ಸೆಕೆಂಡ್ಸ್ ಮಾಲು

ಕಿಟಕಿಗೆ ಚಾದರ ಜಡಿದಿದ್ದೇನೆ, ನಾಲ್ಕು ಮೊಳೆ.
ನಮ್ಮ ಸೊಲ್ಲಾಪುರದ್ದೇ, ಜೋಡಿ ನವಿಲಿನದು.
ಬಲಗಡೆಯ ನವಿಲಿಗೆ ಕಣ್ಣಿಲ್ಲ:
ಜಕಾರ್ಡಿನ ರಟ್ಟಿನಲ್ಲಿ ಒಂದು ತೂತು ಬೀಳದೆ
ಕುರುಡಾಗಿ ಹುಟ್ಟಿ
ಅರ್ಧ ಬೆಲೆಗೆ ನಮ್ಮ ಮನೆ ಸೇರಿತು.

ಆದರೂ ಸದ್ದು ನುಗ್ಗುತ್ತದೆ.
ಬೋಳದ ಆಚೆ ಗುಂಡೇಟಿ ಶೇಟರ ಹದಿನೆಂಟು ಮಗ್ಗ,
ಖಟ್ ಖಟಾ ಖಟ್,
ಒಂದರ ತಾಳ ಇನ್ನೊಂದಕ್ಕೆ ಕೂಡದು.
ವರ್ಷಗಟ್ಟಲೆ ಬೈದೆ. ಒಂದು ದಿನ ಫೋನು ಹಿಡಿದು ಹೋಗಿ
ಅವುಗಳ ನಡುವೆ ನಿಂತು
ನಾಲ್ಕು ನಿಮಿಷ ತುಂಬಿಕೊಂಡು ಬಂದೆ.
ಮುಕಾದಮ ದಸ್ತಗೀರಚಾಚಾ ನಕ್ಕ:
"ಕೇಳಬಾರ್ದಂತ ಕಿವ್ಯಾಗ ಅರಳಿ ತುರುಕೊಂಡು ಕುಂತೇವಿ,
ನೀ ಬುಟ್ಟಿ ತಂದು ಒಯ್ತೀಯಲ್ಲೊ."

ಪರದೆಯ ಮೇಲೆ ಖಟ್ ಎಂದರೆ
ಒಂದು ಮುಳ್ಳುಹಂದಿ.
ಅದರ ತಲೆ ಕತ್ತರಿಸಿದೆ, ಕಿಕ್ ಆಯಿತು.
ಬಾಲ ತಿರುಗಿಸಿದೆ,
ಯಾರೋ ಬಾಗಿಲ ಹಿಂದೆ ಉಸಿರು ಎಳೆದುಕೊಂಡಂತಾಯಿತು.
ನಿಮಿಷಕ್ಕೆ ನೂರ ಮೂವತ್ತೆರಡು.
ಅದರಡಿ ಒಂದು ಸಿಂಥ್, ಕೊಂಡದ್ದಲ್ಲ, ಟ್ರಯಲ್;
ತಂತಿಯಿಲ್ಲ, ತಿದಿಯಿಲ್ಲ, ಬರೀ ಗರಗಸದಲೆ.
ಫಿಲ್ಟರಿನ ಗುಂಡಿಯನ್ನು ಮೌಸಿನಿಂದ ಮೆಲ್ಲಗೆ ತಿರುವಿದರೆ
ಊ ಎಂದು ಮುನಿಸಿಕೊಂಡದ್ದು
ಆ ಎಂದು ಬಾಯಿ ಬಿಡುತ್ತದೆ.

ಆಮೇಲೆ ತಪ್ಪುಗಳು.
ತಪ್ಪು ಮಾಡುವುದು ಸುಮ್ಮನೆ ಅಲ್ಲ.
ಚಿಟಿಕೆಯಷ್ಟು ದನಿಯನ್ನು ಮೂವತ್ತೆರಡು ಸಲ ತೊದಲಿಸಿದೆ.
ಬಿಟ್ಟು ಇಳಿಸಿ ಇಳಿಸಿ ಇನ್ನೊಂದಕ್ಕೆ ಜಂಗು ಹಿಡಿಸಿದೆ.
ಎಳೆ ಹರಿದು ಮಗ್ಗ ನಿಂತ ಗಳಿಗೆಯ ಮೌನವನ್ನು
ಹಾಗೇ ಎತ್ತಿ ತಂದು ಬೇರೆ ಕಡೆ ಹೊಲಿದೆ.
ಕೂದಲೆಳೆಯಷ್ಟು ತಡವಾಗಿ ಬೀಳಬೇಕಾದ ಒಂದು ಏಟಿಗೆ
ಇಡೀ ರಾತ್ರಿ ಹೋಯಿತು.
ಒಟ್ಟು ಹನ್ನೊಂದು.

ಅವ್ವ ಅಕ್ಕಲಕೋಟ ರಸ್ತೆಯ ಕಾರಖಾನೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ತಪ್ಪು ಹುಡುಕುತ್ತಾಳೆ.
ಟ್ಯೂಬ್‌ಲೈಟಿನ ಮೇಜಿನ ಮೇಲೆ ಟಾವೆಲ್ಲು ಹರಿಯುತ್ತದೆ,
ಎಳೆ ತಪ್ಪಿದಲ್ಲಿ ಖಡುವಿನಿಂದ ಒಂದು ಗೀರು.
ಅವಳ ಹೆಬ್ಬೆರಳ ಉಗುರು ಯಾವಾಗಲೂ ಬಿಳಿ,
ಜೋಳದ ಹಿಟ್ಟೋ ಖಡುವೋ
ನನಗೆ ಇವತ್ತಿಗೂ ಗುರುತು ಸಿಗುವುದಿಲ್ಲ.

ಸೆರಗಿನ ಮೇಲೇ ಹೆಡ್‌ಫೋನು ಇಟ್ಟೆ.
ಕಣ್ಣು ಮುಚ್ಚಲಿಲ್ಲ, ತಲೆದೂಗಲಿಲ್ಲ,
ಮಾಲು ನೋಡುವ ಹಾಗೆ ಕೇಳಿದಳು.
ಆಗಾಗ ಹೆಬ್ಬೆರಳು ಏಳುತ್ತಿತ್ತು.

"ಹನ್ನೆರಡು."
"ಹನ್ನೊಂದವ್ವ. ಮಾಡಿದಾಂವ ನಾನು."
"ನೀ ಎಷ್ಟು ಮಾಡಿದಿ ನಂಗೊತ್ತಿಲ್ಲ.
ಮಾಲಿನ್ಯಾಗ ಹನ್ನೆರಡು ಅದಾವು."

ಹಿಂದಕ್ಕೆ ಓಡಿಸಿದೆ. ಪರದೆಗೆ ಉಗುರು ಒತ್ತಿದಳು: ಇಲ್ಲಿ.
ಸಿಂಥ್ ಅರೆಕ್ಷಣ ಬಾಯಿ ಮುಚ್ಚುವ ಜಾಗ,
ರೊಕ್ಕ ಕೊಡದವನಿಗೆ ಕಂಪನಿ ಹಾಕಿದ ಗೀರು.
ಇಪ್ಪತ್ತು ದಿನ ಕೇಳಿ ಕೇಳಿ ನನ್ನ ಕಿವಿ
ಆ ತೂತನ್ನು ತಾನೇ ರಫೂ ಮಾಡಿಬಿಟ್ಟಿತ್ತು.

"ರೊಕ್ಕ ಕೊಟ್ರ ಹೋಗ್ತದ?"
"ಹೋಗ್ತದ. ಎಂಟು ಸಾವಿರ."
ಚಾದರದ ಕಡೆ ನೋಡಿದಳು, ಕುರುಡು ನವಿಲಿನ ಕಡೆ.
"ಹನ್ನೊಂದು ಮಾಡ್ಲಿಕ್ಕೆ ನಿದ್ದಿಗೆಟ್ಟಿ.
ಒಂದು ಪುಕ್ಕಟ ಬಂದದ,
ಅದಕ್ಕ ಎಂಟು ಸಾವಿರ ಕೊಟ್ಟು ಕಳಸ್ತಿಯೇನು?"

ಎಕ್ಸ್‌ಪೋರ್ಟ್ ಒತ್ತಿದೆ.
ಹಸಿರು ಪಟ್ಟಿ ಇರುವೆಯ ಹಾಗೆ ಹೊರಟಿತು,
ಎಂಬತ್ತು, ತೊಂಬತ್ತು, ತೊಂಬತ್ನಾಲ್ಕು,
ಆಗ ಕರೆಂಟು ಹೋಯಿತು.
ಬ್ಯಾಟರಿ ಸತ್ತು ವರ್ಷವಾದ ಲ್ಯಾಪ್‌ಟಾಪು ಕೂಡಲೇ ಕಪ್ಪು.
ಬೋಳದ ಆಚೆ ಹದಿನೆಂಟೂ ಮಗ್ಗ
ಹುಟ್ಟಿದಾರಭ್ಯ ಮೊದಲ ಸಲ
ಒಂದೇ ತಾಳಕ್ಕೆ ನಿಂತವು.

ಕತ್ತಲಲ್ಲಿ ಬಳೆಯ ಸದ್ದು,
ಹೆಬ್ಬೆರಳು ಎದ್ದಿರಬೇಕು.
"ಹದಿಮೂರು," ಅಂದಳು ಅವ್ವ.